ಘಮದ ಅಂಚೆ: ಬಾಯಿಗೆ ಹಿತವಾದ ಕ್ರೀಮ್ ಎದೆಗೂ ಹಿತವಾ?

ಎಸೆನ್ಸ್, ಮಸಾಲೆ, ಅಡುಗೆಮನೆ ವಾಸನೆಗಳ ಬಗ್ಗೆ ನೀವು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಡಾಕ್ಟರಲ್ಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಫ್ಲೇವರ್ ಕಾರ್ಖಾನೆಯ ಲ್ಯಾಬಿನಲ್ಲಿ ಮೂಗನ್ನೇ ನಂಬಿ ಸಂಬಳ ತಗೊಂಡು ನಿವೃತ್ತಳಾದವಳು. ಐಸ್‌ಕ್ರೀಮ್, ಬಿಸ್ಕತ್ತು, ಪೇಡಾ ಮಾಡುವವರಿಗೆ ಹಾಲು, ಬೆಣ್ಣೆ, ಕೆನೆಯ ಫ್ಲೇವರ್ ಕೂಡಿಸಿ ಕೊಡುವುದು ನನ್ನ ಕೆಲಸವಾಗಿತ್ತು. ಈ ಸಲದ ಕಾಗದಗಳಲ್ಲೂ ಅದೇ ಕ್ರೀಮ್. ಆದರೆ ತಟ್ಟೆಗೆ ಬೀಳುವ ಕ್ರೀಮ್ ಅಲ್ಲ, ಎದೆಗೆ ಎಳೆಯುವ ಕ್ರೀಮ್.

ಮಂಡ್ಯದ ಸುಭಾಷ್‌ನಗರದಿಂದ ಒಬ್ಬ ಓದುಗರು: ಮೇಡಂ, ನನ್ನ ತಮ್ಮ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕೆಲಸದಲ್ಲಿದ್ದಾನೆ. ಸಿಗರೇಟು ಬಿಡೋಕೆ ಅಂತ ವೇಪ್ ಹಿಡಿದ, ಅದೇ ದ್ರವ ಕಾಯಿಸಿ ಆವಿ ಎಳೆಯುವ ಇ-ಸಿಗರೇಟು. ಈಗ ಅದರ ಲಿಕ್ವಿಡ್ಡನ್ನೂ ಮನೆಯಲ್ಲೇ ಕಲಸುತ್ತಾನೆ. ವೆನಿಲಾ ಕಸ್ಟರ್ಡ್, ಬವೇರಿಯನ್ ಕ್ರೀಮ್ ಅಂತ ಪುಟ್ಟ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದಾನೆ, ವಿಡಿಯೋ ಕಾಲ್‌ನಲ್ಲಿ ತೋರಿಸಿದ. ಕಲಸಿದ ದಿನ ಹುಳಿ ಹುಳಿ, ವಾಂತಿ ಥರ ವಾಸನೆ ಇರುತ್ತದಂತೆ. ಎರಡು ಮೂರು ವಾರ ಇಟ್ಟರೆ ಸರಿಹೋಗುತ್ತದಂತೆ. ಇದೇನು ಮಾಯ? ಇದರಿಂದ ಅವನಿಗೆ ತೊಂದರೆ ಇಲ್ಲವಾ?

ಮೊದಲು ವಾಸನೆಯ ವಿಷಯ ಮುಗಿಸೋಣ. ಕ್ರೀಮ್ ಫ್ಲೇವರ್ ಅಂದರೆ ಒಂದೇ ವಸ್ತು ಅಲ್ಲ. ಹಲವಾರು ರಾಸಾಯನಿಕಗಳನ್ನು ಅಳೆದು ಸಾಮಾನ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್ ಅನ್ನುವ ತೆಳ್ಳನೆ ದ್ರವದಲ್ಲಿ ಕರಗಿಸಿರುತ್ತಾರೆ. ವೇಪ್ ಮಂದಿ ಅದನ್ನು ಪಿ.ಜಿ. ಅನ್ನುತ್ತಾರೆ. ಒಳಗೆ ವೆನಿಲಿನ್ ಇರುತ್ತದೆ, ಅದಕ್ಕಿಂತ ಎರಡು ಮೂರು ಪಟ್ಟು ಜೋರಾದ ಈಥೈಲ್ ವೆನಿಲಿನ್ ಇರುತ್ತದೆ. ಸುಟ್ಟ ಸಕ್ಕರೆಯ ಸಿಹಿಗೆ ಮಾಲ್ಟಾಲ್. ಹಾಲಿನ ಜಿಡ್ಡಿಗೆ ಲ್ಯಾಕ್ಟೋನುಗಳು. ಬೆಣ್ಣೆ ಕಾಯಿಸಿ ತುಪ್ಪ ಮಾಡುವಾಗ, ನುಗ್ಗೆಸೊಪ್ಪೋ ವೀಳ್ಯದೆಲೆಯೋ ಹಾಕುವುದಕ್ಕೆ ಸ್ವಲ್ಪ ಮುಂಚೆ, ಒಂದು ಮೆತ್ತನೆಯ ಸಿಹಿ ವಾಸನೆ ಏಳುತ್ತದಲ್ಲ, ಅದರಲ್ಲಿ ಈ ಲ್ಯಾಕ್ಟೋನುಗಳ ಪಾಲಿದೆ. ಇದರ ಜೊತೆಗೆ ಒಂದು ಚೂರು ಬ್ಯುಟೈರಿಕ್ ಆಮ್ಲ. ನಿಮ್ಮ ತಮ್ಮ ಹೇಳುವ ವಾಂತಿ ವಾಸನೆ ಇದರದ್ದೇ. ಇದು ಇಂಗಿನ ಜಾತಿ. ಡಬ್ಬಿ ತೆರೆದರೆ ಮೂಗು ಮುಚ್ಚಬೇಕು, ಒಗ್ಗರಣೆಗೆ ಕಾಳಿನಷ್ಟು ಬಿದ್ದರೆ ಸಾರಿಗೆ ಕಳೆ. ಬ್ಯುಟೈರಿಕ್ ಪೂರ್ತಿ ತೆಗೆದುಬಿಟ್ಟರೆ ಎಷ್ಟೋ ಸಲ ಕ್ರೀಮ್ ಹೋಗಿ ಬರೀ ವೆನಿಲಾ ಉಳಿಯುತ್ತದೆ.

ಇನ್ನೊಂದು ಇದೆ, ಬೆಣ್ಣೆ ವಾಸನೆಯ ಡೈಅಸಿಟೈಲ್. ಅದಕ್ಕೆ ಆಮೇಲೆ ಬರುತ್ತೇನೆ.

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾನು ಮೊದಲು ಮಾಡಿಸುತ್ತಿದ್ದ ಕೆಲಸ ಒಂದಿತ್ತು. ಬಿಳಿ ಬ್ಲಾಟರ್ ಪಟ್ಟಿಯ ತುದಿಯನ್ನು ಕ್ರೀಮ್ ಫ್ಲೇವರಿನಲ್ಲಿ ಅದ್ದಿ, ಕ್ಲಿಪ್ಪಿಗೆ ಸಿಕ್ಕಿಸಿ, ಹೊತ್ತು ಹೊತ್ತಿಗೆ ಮೂಸಿ ಬರೆದಿಡುವುದು. ಅದ್ದಿದ ತಕ್ಷಣ ಮೂಗಿಗೆ ಹೊಡೆಯುವುದು ಬೆಣ್ಣೆ, ಬಿಸಿ ಪಾಪ್‌ಕಾರ್ನ್. ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಅದು ಮಂಕಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಹುಳಿ ಇಳಿದು ವೆನಿಲಾ ಮೇಲೆ ಬರುತ್ತದೆ. ಮರುದಿನ ಬೆಳಿಗ್ಗೆ ಮೂಸಿದರೆ ವೆನಿಲಾದ ಅಡಿಯಲ್ಲಿ ಹಾಲುಪೇಡಾದ ಜಿಡ್ಡು, ಅದು ಲ್ಯಾಕ್ಟೋನು. ಕಾರಣ ಸುಲಭ. ಡೈಅಸಿಟೈಲ್ 88 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ವೆನಿಲಿನ್ ಕುದಿಯಬೇಕಾದರೆ 285 ಬೇಕು. ಹಗುರವಾದದ್ದು ಮೊದಲು ಎದ್ದು ಹೋಗುತ್ತದೆ.

ಮುಚ್ಚಿಟ್ಟ ಬಾಟಲಿಯಲ್ಲಿ ಇಷ್ಟೆಲ್ಲ ಆವಿಯಾಗಿ ಹೋಗುವುದಿಲ್ಲ. ಅಲ್ಲಿ ನಡೆಯುವುದು ಬೇರೆ. ವೇಪ್ ಲಿಕ್ವಿಡ್ಡಿನ ಇನ್ನೊಂದು ಪಾಲು ಗ್ಲಿಸರಿನ್, ಅಂದರೆ ವಿ.ಜಿ. ಅದು ಮಂದ. ಫ್ಲೇವರ್ ಅದರೊಳಗೆ ಪೂರ್ತಿ ಹರಡುವುದಕ್ಕೆ ಹೊತ್ತು ಹಿಡಿಯುತ್ತದೆ. ಜೊತೆಗೆ ವೆನಿಲಿನ್, ಈಥೈಲ್ ವೆನಿಲಿನ್‌ನಂಥವು ಪಿ.ಜಿ. ಜೊತೆ ಸೇರಿಕೊಂಡು ಅಸಿಟಾಲ್ ಅನ್ನುವ ಹೊಸ ವಸ್ತುಗಳಾಗುತ್ತವೆ. ಹೀಗೆ ತೀಕ್ಷ್ಣತೆ ತಗ್ಗಿ ಎಲ್ಲ ಒಂದಾದ ಹಾಗೆ ಅನ್ನಿಸುತ್ತದೆ. ಇದಕ್ಕೆ ಅವರ ಕಡೆ ಸ್ಟೀಪ್ ಮಾಡುವುದು ಅನ್ನುತ್ತಾರೆ. ಬಣ್ಣ ಕಂದಾಗುವುದೂ ವೆನಿಲಿನ್ ಇರುವ ದ್ರವಕ್ಕೆ ಮಾಮೂಲು. ಆದರೆ ಆ ಅಸಿಟಾಲ್‌ಗಳ ಬಗ್ಗೆ 2018ರಲ್ಲಿ ಅಮೆರಿಕದ ಸಂಶೋಧಕರು ಒಂದು ವಿಷಯ ತೋರಿಸಿದರು. ಕಾಯಿಸಿದಾಗ ಅವು ಒಡೆಯದೆ ಬಹುಪಾಲು ಹಾಗೇ ಆವಿಯೊಳಗೆ ಬರುತ್ತವೆ, ಮತ್ತು ಉಸಿರಿನ ದಾರಿಯಲ್ಲಿ ಉರಿ ಗುರುತಿಸುವ ನರಗಳನ್ನು ಮೂಲ ವಸ್ತುವಿಗಿಂತ ಜೋರಾಗಿ ಕೆಣಕಬಲ್ಲವು. ಸುಮ್ನೆ ಇಟ್ಟ ಬಾಟಲಿ ಅಂದುಕೊಳ್ಳಬೇಡಿ, ಒಳಗೆ ಅಡುಗೆ ನಡೀತಾನೇ ಇರುತ್ತದೆ.

ವಾಂತಿ ವಾಸನೆ ವಾರಗಟ್ಟಲೆ ಹೋಗದಿದ್ದರೆ ಕ್ರೀಮ್ ಜಾಸ್ತಿ ಬಿದ್ದಿದೆ ಅಂತಲೇ ಅರ್ಥ. ಕಲಸಲು ಹೊಸಬರು ಮಾಡುವುದೇ ಇದು. ಇನ್ನೂ ಕೆನೆಯಾಗಲಿ ಅಂತ ಸುರಿಯುತ್ತಾರೆ. ಐಸ್‌ಕ್ರೀಮಿಗೆ ನಾವು ಫ್ಲೇವರ್ ಹಾಕುವುದು ನೂರಕ್ಕೆ ಒಂದು ಪಾಲಿಗಿಂತ ಎಷ್ಟೋ ಕಡಿಮೆ. ವೇಪ್ ಲಿಕ್ವಿಡ್ಡಿಗೆ ಒಂದೊಂದು ಕ್ರೀಮ್ ಶೇ. 2, 3, 5ರಂತೆ ಹಾಕುತ್ತಾರೆ. 30 ಎಂ.ಎಲ್. ಬಾಟಲಿಗೆ ಶೇ. 3 ಅಂದರೆ 0.9 ಎಂ.ಎಲ್. ಅಷ್ಟೇ. ಹನಿ ಎಣಿಸಿ ಹಾಕಿದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಒಂದೊಂದು ದ್ರವದ ಹನಿ ಒಂದೊಂದು ದಪ್ಪ. ಗ್ಲಿಸರಿನ್ ಎಂ.ಎಲ್.ಗೆ 1.26 ಗ್ರಾಂ ತೂಗುತ್ತದೆ, ಪಿ.ಜಿ. 1.04. ಬಂಗಾರ ತೂಗುವಂಥ 0.01 ಗ್ರಾಂ ತೋರಿಸುವ ತಕ್ಕಡಿಯೇ ಸರಿ. ಇನ್ನು ಸಿಹಿಗೆ ಅಂತ ಸುಕ್ರಲೋಸ್ ಹಾಕುವವರಿದ್ದಾರೆ. ಅದು ವೇಪಿನೊಳಗೆ ದ್ರವ ಕಾಯಿಸುವ ತಂತಿ ಸುರುಳಿಯ ಮೇಲೆ ಕಪ್ಪಗೆ ಅಂಟಿಕೊಳ್ಳುತ್ತದೆ, ಒಡೆದು ಕ್ಲೋರಿನ್ ಇರುವ ಕೆಟ್ಟ ಪದಾರ್ಥಗಳನ್ನು ಬಿಡುತ್ತದೆ. ಅದನ್ನಂತೂ ಕೈಬಿಡಲು ಹೇಳಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಅಸಲಿ ವಿಷಯ ಇಲ್ಲೇ ಇರುವುದು.

2000ನೇ ಇಸವಿಯಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಜಾಸ್ಪರ್ ಅನ್ನುವ ಊರಿನ ಒಂದು ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯ ಎಂಟು ಮಂದಿ ಹಳೆಯ ಕೆಲಸಗಾರರಿಗೆ ಒಂದೇ ಥರದ ಶ್ವಾಸಕೋಶದ ಕಾಯಿಲೆ ಇರುವುದು ಆರೋಗ್ಯ ಇಲಾಖೆಯ ಗಮನಕ್ಕೆ ಬಂತು. ಶ್ವಾಸಕೋಶದ ತೀರಾ ಸಣ್ಣ ಕೊಳವೆಗಳು ಗಾಯವಾಗಿ, ಕಲೆಗಟ್ಟಿ, ಕಟ್ಟಿಕೊಂಡುಬಿಡುವ ಕಾಯಿಲೆ. ಹೋದ ಉಸಿರು ಮತ್ತೆ ಬರುವುದಿಲ್ಲ. ಬಿಸಿ ಎಣ್ಣೆಯ ತೊಟ್ಟಿಗೆ ಬೆಣ್ಣೆ ಫ್ಲೇವರ್ ಸುರಿದು ಕಲಸುತ್ತಿದ್ದವರಿಗೆ ಪೆಟ್ಟು ಜೋರಾಗಿತ್ತು. ಆ ಫ್ಲೇವರಿನೊಳಗೆ ಇದ್ದದ್ದು ಡೈಅಸಿಟೈಲ್. ನೆನಪಿಡಿ, ಪಾಪ್‌ಕಾರ್ನ್ ತಿಂದವರಿಗೆ ಅಲ್ಲ, ಆವಿ ಉಸಿರಾಡಿದವರಿಗೆ. ಹೊಟ್ಟೆಗೆ ಹೋದ ಡೈಅಸಿಟೈಲನ್ನು ದೇಹ ಮುರಿದು ಹಾಕುತ್ತದೆ. ಮೊಸರು, ಬೆಣ್ಣೆಯಲ್ಲಿ ಅದು ತಾನಾಗಿಯೇ ಇದೆ, ತಲೆಮಾರುಗಳಿಂದ ತಿನ್ನುತ್ತಲೇ ಇದ್ದೇವೆ. ಶ್ವಾಸಕೋಶದ ತೆಳ್ಳನೆ ಒಳಪದರಕ್ಕೆ ಅಷ್ಟು ಶಕ್ತಿ ಇಲ್ಲ. 2016ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ನಿಯೋಶ್, ಕೆಲಸದ ಜಾಗದ ಗಾಳಿಯಲ್ಲಿ ಡೈಅಸಿಟೈಲ್ ನೂರು ಕೋಟಿ ಭಾಗಕ್ಕೆ 5 ಭಾಗ ಮೀರಬಾರದು ಅಂತ ಶಿಫಾರಸು ಮಾಡಿತು. ಎಷ್ಟು ಕಡಿಮೆ ಅಂತ ಲೆಕ್ಕ ಹಾಕಿ.

ಈ ಸುದ್ದಿ ಬಂದ ಮೇಲೆ ನಮ್ಮ ಲ್ಯಾಬಿನಲ್ಲೂ ಡೈಅಸಿಟೈಲ್ ಬಾಟಲಿಯನ್ನು ಹೊಗೆ ಎಳೆಯುವ ಗಾಜಿನ ಗೂಡಿನ ಹೊರಗೆ ತೆರೆಯುವುದು ನಿಂತಿತು. ಅದಕ್ಕೆ ಮುಂಚೆ ಮೇಜಿನ ಮೇಲೇ ತೆರೆಯುತ್ತಿದ್ದರು. ಸಂಜೆ ಸಿಟಿ ಬಸ್ಸಿನಲ್ಲಿ ಪಕ್ಕದವರು ನನ್ನ ಸೀರೆ ಮೂಸಿ, ಬೇಕರಿಯಲ್ಲಿ ಕೆಲಸವಾ ಅಂತ ಕೇಳಿದ್ದುಂಟು.

ವೇಪಿಗೆ ಬರೋಣ. ಏಳು ದೇಶಗಳ 159 ಸಿಹಿ ವೇಪ್ ದ್ರವಗಳನ್ನು ಪರೀಕ್ಷಿಸಿ 2015ರಲ್ಲಿ ಅಚ್ಚಾದ ಒಂದು ಅಧ್ಯಯನದಲ್ಲಿ, ಶೇ. 74ರಷ್ಟರಲ್ಲಿ ಡೈಅಸಿಟೈಲ್ ಅಥವಾ ಅದರ ತಮ್ಮ ಅಸಿಟೈಲ್ ಪ್ರೊಪಿಯೊನಿಲ್ ಸಿಕ್ಕಿತು. ಅದೇ ವರ್ಷ ಹಾರ್ವರ್ಡಿನವರು 51 ಫ್ಲೇವರ್ ಪರೀಕ್ಷಿಸಿದಾಗ 39ರಲ್ಲಿ ಡೈಅಸಿಟೈಲ್ ಇತ್ತು. ಬ್ರಿಟನ್ನಿನಲ್ಲಿ 2016ರಿಂದ ನಿಕೋಟಿನ್ ಇರುವ ವೇಪ್ ದ್ರವಕ್ಕೆ ಡೈಅಸಿಟೈಲ್ ಬೆರೆಸುವಂತಿಲ್ಲ. ಒಳ್ಳೆಯದೇ. ಆದರೆ ಆ ನಿಯಮ ನಿಕೋಟಿನ್ ಇರುವ ಸರಕಿಗೆ. ನಿಮ್ಮ ತಮ್ಮ ತರಿಸುವ ಬಿಡಿ ಕಾನ್ಸಂಟ್ರೇಟಿನಲ್ಲಿ, ಅಂದರೆ ಆ ಪುಟ್ಟ ಬಾಟಲಿಗಳ ಫ್ಲೇವರಿನಲ್ಲಿ, ನಿಕೋಟಿನ್ ಇರುವುದಿಲ್ಲ, ಹಾಗಾಗಿ ಅದು ಆ ನಿಯಮದೊಳಗೆ ಬರುವುದಿಲ್ಲ. ಎಷ್ಟೋ ಕಾನ್ಸಂಟ್ರೇಟುಗಳು ಮೂಲತಃ ಕೇಕು, ಮಿಠಾಯಿಗೆ ಅಂತ ಮಾಡಿದವು.

ಬಾಟಲಿ ಮೇಲೆ ಡೈಅಸಿಟೈಲ್ ಇಲ್ಲ ಅಂತ ಬರೆದಿದ್ದರೆ ಸಾಕಾ? ಸಾಲದು. ಅದನ್ನು ತೆಗೆದವರು ಬದಲಿಗೆ ಅಸಿಟೈಲ್ ಪ್ರೊಪಿಯೊನಿಲ್ ಹಾಕಿದರು. ಅದರ ಮೇಲೂ ದೂರು ಬಂದಾಗ ಅಸಿಟೊಯಿನ್ ಅನ್ನುವ ಮೂರನೆಯದಕ್ಕೆ ಹೋದರು. ಈ ಅಸಿಟೊಯಿನ್ ಬಾಟಲಿಯೊಳಗೇ ಕುಳಿತು ಡೈಅಸಿಟೈಲ್ ಆಗಿ ಬದಲಾಗುತ್ತದೆ. ನಿಕೋಟಿನ್ ಇದ್ದರೆ ಇನ್ನೂ ಬೇಗ. ಅಂದರೆ ಇಟ್ಟಷ್ಟೂ ರುಚಿ ಅಂತ ನಿಮ್ಮ ತಮ್ಮ ವಾರಗಟ್ಟಲೆ ಕಾಯುತ್ತಾನಲ್ಲ, ಆ ಕಾಯುವಿಕೆಯೇ ಅವನಿಗೆ ಬೇಡದ್ದನ್ನು ಹುಟ್ಟಿಸುತ್ತಿರಬಹುದು.

ಹಾಗಂತ ಫೋನ್ ಮಾಡಿ ಕಿರುಚಬೇಡಿ. ಫಾರ್ವರ್ಡ್ ಮೆಸೇಜು ಹೇಳುವ ಹಾಗೆ ವೇಪ್ ಎಳೆದವರಿಗೆಲ್ಲ ಪಾಪ್‌ಕಾರ್ನ್ ಕಾಯಿಲೆ ಬರುವುದಿಲ್ಲ. ಸಿಗರೇಟು ಹೊಗೆಯಲ್ಲೂ ಡೈಅಸಿಟೈಲ್ ಇದೆ, ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿಯೇ ಇದೆ, ಜೊತೆಗೆ ಟಾರು, ಕಾರ್ಬನ್ ಮಾನಾಕ್ಸೈಡ್. ನೀವು ರೇಗಿ ಅವನು ಮತ್ತೆ ಸಿಗರೇಟಿಗೆ ಹೋದರೆ ಯಾರಿಗೆ ಲಾಭ? ನನ್ನನ್ನು ಕೇಳಿದರೆ ಇಷ್ಟು ಹೇಳಿ: ಬಿಡುವ ತನಕ ಎಳೆಯಲೇಬೇಕು ಅಂದರೆ ಕ್ರೀಮ್, ಕಸ್ಟರ್ಡ್, ಬಟರ್‌ಸ್ಕಾಚ್ ಸಾಲನ್ನು ಮೊದಲು ಮೂಟೆ ಕಟ್ಟು. ತಯಾರಕರು ಕೊಡುವ ಪರೀಕ್ಷಾ ವರದಿಯಲ್ಲಿ ಡೈಅಸಿಟೈಲ್ ಒಂದೇ ಅಲ್ಲ, ಆ ಮೂರೂ ಇಲ್ಲ ಅಂತ ಇದೆಯಾ ನೋಡು. ವರದಿ ಕೊಡದವರ ಬಾಟಲಿ ಬೇಡ. ಪುದೀನವೋ ಹಣ್ಣೋ ಸಾಕು. ನಿಕೋಟಿನನ್ನು ತಿಂಗಳು ತಿಂಗಳಿಗೆ ಇಳಿಸುತ್ತಾ ಬಾ. ಸಿಗರೇಟು ಬಿಟ್ಟವನಿಗೆ ಕಸ್ಟರ್ಡ್ ಬಿಡುವುದು ಕಷ್ಟವೇನಲ್ಲ.

ಮೈಸೂರಿನಿಂದ ಒಬ್ಬ ಕಾಲೇಜು ಹುಡುಗ: ದೇವರಾಜ ಮಾರ್ಕೆಟ್ ಹತ್ತಿರ ಮಿಲ್ಕ್ ಎಸೆನ್ಸ್, ಬಟರ್‌ಸ್ಕಾಚ್ ಎಸೆನ್ಸ್ ಚಿಕ್ಕ ಬಾಟಲಿ ಸಿಗುತ್ತೆ. ಗ್ಲಿಸರಿನ್ ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಎರಡೂ ಕಲಸಿದ್ರೆ ವೇಪ್ ಜ್ಯೂಸ್ ಆಗಲ್ವಾ ಆಂಟಿ? ನಿಕೋಟಿನ್ ಹಾಕಲ್ಲ. ಬರೀ ಫ್ಲೇವರ್ ಹೊಗೆ.

ಆಗಲ್ಲ ಕಣಪ್ಪ.

ಆ ಬಟರ್‌ಸ್ಕಾಚ್ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದು. ಎಷ್ಟೋ ಎಸೆನ್ಸಿನಲ್ಲಿ ಬಣ್ಣ ಇರುತ್ತದೆ. ಕೆಲವದರಲ್ಲಿ ಎಣ್ಣೆ ಇರುತ್ತದೆ. ಮೋಡದ ಹಾಗೆ ಬೆಳ್ಳಗಿರುವ ಎಮಲ್ಷನ್ ಆದರೆ ಗೋಂದೂ ಇರಬಹುದು. ಬಾಯಿಗೆ ಇವೆಲ್ಲ ಸರಿ, ಕಾಯಿಸಿ ಎದೆಗೆ ಎಳೆಯಲು ಒಂದೂ ಸರಿಯಲ್ಲ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಏನಾಗುತ್ತದೆ ಅನ್ನುವುದನ್ನು ಅಮೆರಿಕ 2019ರಲ್ಲಿ ನೋಡಿತು. 2020ರ ಫೆಬ್ರವರಿ ಹೊತ್ತಿಗೆ ವೇಪಿನಿಂದ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದವರು 2,807 ಮಂದಿ, ಸತ್ತವರು 68. ಗಾಂಜಾ ಅಂಶದ ಕಳ್ಳ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆಯಂಥ ವಸ್ತು ಅದರ ಮುಖ್ಯ ಕಾರಣ. ಅದೇ ವಿಟಮಿನ್ ಇ ಅಸಿಟೇಟನ್ನು ಮಾತ್ರೆಯಲ್ಲಿ ನುಂಗುತ್ತಾರೆ, ಮುಖದ ಕ್ರೀಮಿನಲ್ಲಿ ಹಚ್ಚುತ್ತಾರೆ. ಏನೂ ಆಗುವುದಿಲ್ಲ.

ಫ್ಲೇವರ್ ತಯಾರಕರಿಗೆ 1909ರಿಂದ ಇರುವ ಅಮೆರಿಕದ ಸಂಘ ಫೆಮಾ. ಯಾವ ಪದಾರ್ಥ ಯಾವ ತಿಂಡಿಗೆ ಎಷ್ಟು ಸುರಕ್ಷಿತ ಅಂತ ಪಟ್ಟಿ ಮಾಡುವವರು ಅವರೇ. ನಮ್ಮ ಪಟ್ಟಿ ತಿನ್ನುವುದಕ್ಕೆ ಮಾತ್ರ, ವೇಪಿಗೆ ಅಲ್ಲ ಅಂತ ಅವರೇ ಖಡಾಖಂಡಿತವಾಗಿ ಹೇಳಿದ್ದಾರೆ. ಫ್ಲೇವರ್ ಮಾರಿ ಬದುಕುವವರೇ ಬೇಡ ಅನ್ನುತ್ತಿದ್ದಾರೆ, ನೀನು ಯಾಕೆ ಪ್ರಯೋಗ ಮಾಡುತ್ತೀಯ?

ಕಾನೂನು ಬೇರೆ ಇದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ತಂದು, ಡಿಸೆಂಬರಿನಲ್ಲಿ ಕಾಯ್ದೆ ಮಾಡಿತು. ತಯಾರಿಸುವುದು, ತರಿಸುವುದು, ಮಾರುವುದು, ಸಾಗಿಸುವುದು, ಜಾಹೀರಾತು ಹಾಕುವುದು ಎಲ್ಲ ಅಪರಾಧ. ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷ, 5 ಲಕ್ಷದವರೆಗೆ. ನಿಕೋಟಿನ್ ಇಲ್ಲ ಅಂದರೆ ಬಚಾವು ಅಂದುಕೊಂಡಿದ್ದೀಯಲ್ಲ, ಕಾಯ್ದೆಯ ವ್ಯಾಖ್ಯೆಯಲ್ಲಿ ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಅಂತಲೇ ಬರೆದಿದೆ. ಮೇಲಿನ ಪ್ರಶ್ನೆಯ ಹುಡುಗ ಇರುವುದು ಮ್ಯಾಂಚೆಸ್ಟರಿನಲ್ಲಿ, ನೀನು ಇರುವುದು ಮೈಸೂರಿನಲ್ಲಿ.

ಫ್ಲೇವರ್ ಕಲಸುವ ಆಸೆ ನಿಜವಾಗಿ ಇದ್ದರೆ ಬೇರೆ ದಾರಿ ಇದೆ. ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಿಂದ ಇರುವ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ನಿನ್ನ ಊರಿನಲ್ಲೇ ಇದೆ. ಫುಡ್ ಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮಾಡಬಹುದು. ಮೂಗು ಚುರುಕಾಗಿರುವವರಿಗೆ ಈ ಲೈನಿನಲ್ಲಿ ಕೆಲಸ ಇದೆ.

ಕುವೆಂಪುನಗರದಿಂದ ಒಬ್ಬ ತಾಯಿ: ಪಿ.ಯು.ಸಿ. ಓದುವ ಮಗನ ಬ್ಯಾಗಿನಲ್ಲಿ ಪೆನ್ನಿನಂಥ ಸಾಧನ, ಜೊತೆಗೆ ಒಂದು ಚಿಕ್ಕ ಬಾಟಲಿ ಸಿಕ್ಕಿತು. ಮೂಸಿದರೆ ಐಸ್‌ಕ್ರೀಮ್ ವಾಸನೆ. ಫ್ಲೇವರ್ ಅಷ್ಟೇ ಅಮ್ಮ ಅನ್ನುತ್ತಾನೆ. ಮನೆಯಲ್ಲಿ ನನ್ನ ಮಗಳ ಪುಟ್ಟ ಮಗುವೂ ಇದೆ. ಏನು ಮಾಡಲಿ?

ಅಮ್ಮಾ, ಮೊದಲು ಆ ಬಾಟಲಿಯನ್ನು ಮಗುವಿನ ಕೈಗೆ ಸಿಗದ ಕಡೆ ಇಡಿ. ಇವತ್ತೇ. ಬಾಟಲಿ ಮೇಲೆ ಎಂ.ಎಲ್.ಗೆ 20 ಮಿಲಿಗ್ರಾಂ ಅಂತ ಇದ್ದರೆ, 10 ಎಂ.ಎಲ್. ಬಾಟಲಿಯಲ್ಲಿ 200 ಮಿಲಿಗ್ರಾಂ ನಿಕೋಟಿನ್ ಇದೆ ಅಂತ ಅರ್ಥ. ಪುಟ್ಟ ಮಗುವಿನ ಪ್ರಾಣಕ್ಕೆ ಕುತ್ತು ತರಲು ಅಷ್ಟು ಬೇಕಿಲ್ಲ. ಐಸ್‌ಕ್ರೀಮ್ ವಾಸನೆ ಬಂದರೆ ಮಗು ಬಾಯಿಗೆ ಹಾಕದೆ ಬಿಡುತ್ತದಾ? ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ. ಕೈಗೆ ಸೋರಿದ್ದರೆ ಸೋಪು ಹಾಕಿ ತೊಳೆಯಿರಿ. ಮಗು ಕುಡಿದಿರಬಹುದು ಅನ್ನುವ ಸಣ್ಣ ಅನುಮಾನ ಬಂದರೂ ವಾಂತಿ ಮಾಡಿಸುತ್ತಾ ಕೂರಬೇಡಿ, ಬಾಟಲಿ ಹಿಡಿದುಕೊಂಡು ಸೀದಾ ಆಸ್ಪತ್ರೆಗೆ ಓಡಿ.

ಫ್ಲೇವರ್ ಅಷ್ಟೇ ಅನ್ನುವ ಮಾತನ್ನು ಒಪ್ಪಬೇಡಿ. ನಮ್ಮಲ್ಲಿ ಇದು ಮಾರುವುದೇ ಕಾನೂನುಬಾಹಿರ. ಕದ್ದು ಮಾರುವ ಬಾಟಲಿಯಲ್ಲಿ ಏನಿದೆ, ಎಷ್ಟಿದೆ ಅಂತ ಪರೀಕ್ಷೆ ಮಾಡುವವರು ಯಾರೂ ಇಲ್ಲ. ಅವನಿಗೂ ಗೊತ್ತಿರುವುದಿಲ್ಲ. ಒಂದು ಗುರುತು ಹೇಳುತ್ತೇನೆ. ಎರಡು ದಿನ ಅದು ಇಲ್ಲದಿದ್ದಾಗ ಅವನಿಗೆ ಸಿಡುಕು, ತಲೆನೋವು, ನಿದ್ದೆ ಕೆಡುವುದು ಶುರುವಾದರೆ ಅದು ಬರೀ ಫ್ಲೇವರ್ ಅಲ್ಲ.

ಅಪ್ಪನನ್ನು ಮುಂದೆ ಬಿಟ್ಟು ಹೊಡೆಸುವುದಕ್ಕಿಂತ, ಊಟ ಆದ ಮೇಲೆ ಪಕ್ಕ ಕೂತು, ಯಾವಾಗ ಶುರುವಾಯಿತು ಅಂತ ಕೇಳಿ. ಬಿಡಲು ಸಹಾಯ ಬೇಕಾದರೆ ಕೇಂದ್ರ ಆರೋಗ್ಯ ಇಲಾಖೆಯ ತಂಬಾಕು ಕ್ವಿಟ್‌ಲೈನ್ ಇದೆ, 1800-11-2356, ಕಾಸು ಕೊಡಬೇಕಾಗಿಲ್ಲ. ಅವನೇ ಮಾತಾಡಲಿ, ನೀವು ಪಕ್ಕದ ಕೋಣೆಯಲ್ಲಿರಿ.

ಮೈಸೂರಿನ ಅಗ್ರಹಾರದಿಂದ ಒಬ್ಬ ಓದುಗರು: ನಮ್ಮದು ಕಾಫಿ ಪುಡಿ ಅಂಗಡಿ, ತಂದೆಯವರ ಕಾಲದ್ದು. ಬೀಜ ಹುರಿಯುವುದು, ಬೀಸುವುದು ಎಲ್ಲ ನಮ್ಮಲ್ಲೇ. ಬೆಣ್ಣೆ ಫ್ಲೇವರಿನಿಂದ ಶ್ವಾಸಕೋಶ ಕೆಡುತ್ತದೆ ಅಂತ ಎಲ್ಲೋ ಓದಿದೆ. ನಾವು ಯಾವ ಫ್ಲೇವರೂ ಹಾಕುವುದಿಲ್ಲ. ನಮಗೆ ಚಿಂತೆ ಇಲ್ಲ ತಾನೇ?

ಸ್ವಾಮಿ, ಸ್ವಲ್ಪ ಚಿಂತೆ ಇರಲಿ. ಕಾಫಿ ಬೀಜ ಹುರಿಯುವಾಗ ಡೈಅಸಿಟೈಲ್ ತಾನಾಗಿಯೇ ಹುಟ್ಟುತ್ತದೆ. ಹುರಿದ ಕಾಫಿಯ ಆ ಬೆಣ್ಣೆಯಂಥ ಎಳೆ ಅದರದ್ದೇ. ಬೀಜ ಇಡಿಯಾಗಿದ್ದಾಗ ಒಳಗೆ ಸಿಕ್ಕಿಕೊಂಡಿರುತ್ತದೆ, ಬೀಸಿದಾಗ ಒಮ್ಮೆಲೇ ಹೊರಗೆ ಬರುತ್ತದೆ. ನಿಮ್ಮ ಬೀದಿ ತಿರುಗುವಾಗಲೇ ಗೊತ್ತಾಗುವ ಆ ಘಮದಲ್ಲಿ ಅದೂ ಇದೆ. ದಾರಿಯಲ್ಲಿ ಹೋಗುವವರಿಗೆ ಏನೂ ಇಲ್ಲ. ದಿನವಿಡೀ ಗ್ರೈಂಡರ್ ಪಕ್ಕ ನಿಲ್ಲುವವರ ಲೆಕ್ಕ ಬೇರೆ.

2013ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿ.ಡಿ.ಸಿ. ಪ್ರಕಟಿಸಿದ ವರದಿಯಲ್ಲಿ ಟೆಕ್ಸಾಸಿನ ಒಂದು ಕಾಫಿ ಕಾರ್ಖಾನೆಯ ಇಬ್ಬರು ಕೆಲಸಗಾರರಿಗೆ ಆ ಪಾಪ್‌ಕಾರ್ನ್ ಕಾರ್ಖಾನೆಯ ಕಾಯಿಲೆಯೇ ಬಂದಿತ್ತು. ಅಲ್ಲಿ ಕಾಫಿಗೆ ಫ್ಲೇವರ್ ಹಾಕುತ್ತಿದ್ದರು, ಅದು ನಿಜ. ಆದರೆ ಆಮೇಲೆ ಅಳೆದು ನೋಡಿದಾಗ ಫ್ಲೇವರ್ ಹಾಕದ ಕಾಫಿ ಬೀಸುವ ಕಡೆಯೂ ಗಾಳಿಯಲ್ಲಿ ಡೈಅಸಿಟೈಲ್ ಸಿಕ್ಕಿತು.

ಅಂಗಡಿ ಮುಚ್ಚಬೇಕಾಗಿಲ್ಲ. ಗ್ರೈಂಡರಿನ ಹತ್ತಿರವೇ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಗಲ್ಲಾಪೆಟ್ಟಿಗೆ ಹಿಂದಿನ ಗೋಡೆಗೆ ಹಾಕಿಸಿದರೆ ಆವಿ ನಿಮ್ಮ ಮುಖದ ಮುಂದೆಯೇ ಹಾದು ಹೋಗುತ್ತದೆ. ಆಗ ತಾನೇ ಹುರಿದ ಬೀಜ ಇಟ್ಟ ಡ್ರಮ್ಮಿನೊಳಗೆ ಬಗ್ಗಿ ಮೂಸಬೇಡಿ, ಅದರಲ್ಲಿ ಕಾರ್ಬನ್ ಮಾನಾಕ್ಸೈಡೂ ಸೇರಿಕೊಂಡಿರುತ್ತದೆ. ವಾಸನೆ ನೋಡಬೇಕೆಂದರೆ ಒಂದು ಹಿಡಿ ಹೊರಗೆ ತೆಗೆದು ನೋಡಿ. ಮೂಗಿಗೆ ಕರ್ಚೀಫು ಕಟ್ಟಿದರೆ ಧೂಳು ಸ್ವಲ್ಪ ನಿಲ್ಲುತ್ತದೆ, ಆವಿ ನಿಲ್ಲುವುದಿಲ್ಲ. ಕೆಲಸದ ಹುಡುಗರಲ್ಲಿ ಯಾರಿಗಾದರೂ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಬಂದು, ಅಸ್ತಮಾ ಇನ್‌ಹೇಲರಿಗೂ ಬಗ್ಗದಿದ್ದರೆ ಸ್ಪೈರೋಮೆಟ್ರಿ ಮಾಡಿಸಿ. ಊದಿಸಿ ನೋಡುವ ಪರೀಕ್ಷೆ, ನೋವಿಲ್ಲ. ಕಾಫಿ ಬೀಸುವ ಕೆಲಸ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ಅವರು ಸಿಗರೇಟು ಸೇದುತ್ತೀಯಾ ಅಂತ ಕೇಳುತ್ತಾರೆ, ಗ್ರೈಂಡರ್ ವಿಷಯ ಎಷ್ಟೋ ಸಲ ಕೇಳುವುದಿಲ್ಲ.

ಮಂಡ್ಯದಿಂದ ಒಬ್ಬ ಬೇಕರಿ ಮಾಲೀಕರು: ಬೆಣ್ಣೆ ಬಿಸ್ಕತ್ತಿಗೆ ಬಟರ್ ಎಸೆನ್ಸ್ ಹಾಕುತ್ತೇವೆ. ನಮಗೂ ಅಪಾಯವೇ ಅಕ್ಕ?

ತಿನ್ನುವವರಿಗೆ ಇಲ್ಲ. ಕಲಸುವವರು ಎಚ್ಚರವಾಗಿರಲಿ. ಎಸೆನ್ಸನ್ನು ಕಾದ ಡಾಲ್ಡಾಗೆ ಸುರಿಯಬೇಡಿ, ತಣ್ಣಗಿರುವ ಹಿಟ್ಟಿಗೆ ಕಲಸಿ. ಅದರಿಂದ ನಿಮಗೂ ಉಳಿತಾಯ, ಕಾದರೆ ಅರ್ಧ ವಾಸನೆ ಗಾಳಿಗೇ ಹೋಗುತ್ತದೆ. ಕ್ಯಾನಿನ ಮುಚ್ಚಳ ತಕ್ಷಣ ಹಾಕಿ. ಪುಡಿ ರೂಪದ ಬಟರ್ ಫ್ಲೇವರ್ ಆದರೆ ಚೀಲ ಕೊಡವಬೇಡಿ. ಒಲೆಮನೆಗೆ ಎರಡು ಕಡೆಯಿಂದ ಗಾಳಿ ಆಡುವ ಹಾಗಿರಲಿ. ಇನ್ನೊಂದು, ನಿಮ್ಮನ್ನು ಕೇಳದೆಯೇ ಹೇಳುತ್ತೇನೆ: ಎಸೆನ್ಸ್ ಹಾಕಿ ಬೆಣ್ಣೆ ಬಿಸ್ಕತ್ತು ಅಂತ ಬೋರ್ಡು ಹಾಕುವುದಾದರೆ ಒಂದಿಷ್ಟಾದರೂ ಬೆಣ್ಣೆ ಹಾಕಿ.

ಶ್ರೀರಂಗಪಟ್ಟಣದಿಂದ ಒಬ್ಬ ಗೃಹಿಣಿ: ಮನೆಯಲ್ಲಿ ಮಾಡಿದ ಐಸ್‌ಕ್ರೀಮ್ ಔಷಧಿ ಥರ ಕಹಿಯಾಗುತ್ತದೆ. ವೆನಿಲಾ ಎಸೆನ್ಸ್ ಒಳ್ಳೆಯ ಕಂಪನಿಯದೇ.

ಎಸೆನ್ಸ್ ಜಾಸ್ತಿಯಾಗಿದೆ, ಅಷ್ಟೇ. ವೆನಿಲಿನ್ ಅಳತೆ ಮೀರಿದರೆ ನಾಲಿಗೆಗೆ ಕಹಿ. ಅರ್ಧ ಲೀಟರ್ ಮಿಶ್ರಣಕ್ಕೆ ಅರ್ಧ ಟೀ ಚಮಚ ಮೀರಬೇಡಿ. ಹಾಲು ಪೂರ್ತಿ ಆರಿದ ಮೇಲೆ ಹಾಕಿ. ಹಾಕಿದ ತಕ್ಷಣ ರುಚಿ ನೋಡಿ ಇನ್ನಷ್ಟು ಸುರಿಯಬೇಡಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ನೋಡಿ. ಕೆನೆ ಕಮ್ಮಿ ಅನ್ನಿಸಿದರೆ ಎಸೆನ್ಸ್ ಬೇಡ, ಹಾಲನ್ನು ಸಣ್ಣ ಉರಿಯಲ್ಲಿ ಮುಕ್ಕಾಲಿಗೆ ಇಂಗಿಸಿ. ಚಿಟಿಕೆ ಉಪ್ಪು ಹಾಕುವುದನ್ನು ಮರೆಯಬೇಡಿ.